ಹದಿನೇಳನೆಯವನ ಕಾರ್ಡು

ಸೋಮವಾರ, 3 ನವೆಂಬರ್ 1980

ಇವತ್ತು ಒಂದೇ ದಿನ ಎರಡು ಅವಮಾನ. ಒಂದು ಮನೆಯದು, ಇನ್ನೊಂದು ಕಾಲೇಜಿನದು.

ಬೆಳಿಗ್ಗೆ ಹಾಲಿಗೆಂದು ಬಾಗಿಲು ತೆಗೆದರೆ ಮನೆ ಓನರ್ ಕಮಲಾಕ್ಷಮ್ಮ ಮೆಟ್ಟಿಲ ಮೇಲೆ ನಿಂತಿದ್ದರು. "ಹೋಗ್ಲಿ ಬಿಡು ಶಾರದ, ಅವ್ರಿಗೆ ಅದೃಷ್ಟ ಇಲ್ಲ ಅಷ್ಟೆ" ಎಂದರು. ಯಾರಿಗೆ, ಏನು ಅದೃಷ್ಟ, ತಲೆಬುಡ ತಿಳಿಯಲಿಲ್ಲ. ಆಮೇಲೆ ಅವರ ಸೆರಗಿನ ಮರೆಯಿಂದ ನನ್ನ ಸೋದರಮಾವನ ಕಾರ್ಡು ಹೊರಬಂತು. ಶೆಟ್ಟಿಹಳ್ಳಿಯ ಗಂಡಿನವರು ಒಲ್ಲೆವೆಂದರಂತೆ. ಹುಡುಗಿಗೆ ಮೂವತ್ತೆರಡಾಯಿತು, ಸಾಲದ್ದಕ್ಕೆ ದಿನಾ ಕುಡುಕರ ಸಹವಾಸ. ಕಾರ್ಡು ಬಂದದ್ದು ಶನಿವಾರ. ಭಾನುವಾರವಿಡೀ ತುಮಕೂರಿನ ಈ ಬಟವಾಡಿಯ ಅರ್ಧ ಬೀದಿ ಅದನ್ನು ಓದಿ, ನನಗಿಂತ ಮೊದಲೇ ನನಗಾಗಿ ಮರುಗಿ ಮುಗಿಸಿದೆ. ಇಂಥ ವಿಷಯವನ್ನು ಮಾನವಂತರು ಕಾರ್ಡಿನಲ್ಲಿ ಬರೆಯುತ್ತಾರೆಯೇ? ಮಾವನಿಗೆ ಒಂದು ಕವರು ಸಿಗಲಿಲ್ಲವೇ? ಮಧ್ಯಾಹ್ನ ಊಟ ಮಾಡಲಿಲ್ಲ. ಅಮ್ಮ ಕರೆದು ಕರೆದು ಸುಮ್ಮನಾದಳು.

ಕಾಲೇಜಿನಲ್ಲಿ ನನ್ನ ಗೈಡ್ ಪ್ರೊಫೆಸರ್ ಷಡಕ್ಷರಿ. ಕಳೆದ ವರ್ಷ ಅಕ್ಟೋಬರಿನಲ್ಲಿ ನಾವು ಇಲ್ಲಿಯ ಒಂದು ಛತ್ರದಲ್ಲಿ ನಲವತ್ತು ಜನ ಕುಡುಕರನ್ನು ಹದಿನೈದು ದಿನ ಕೂಡಿಹಾಕಿ, ಮಾತ್ರೆ ನುಂಗಿಸಿ, ಬುದ್ಧಿ ಹೇಳಿ ಕಳಿಸಿದ್ದೆವು. ಶಿಬಿರ ನಡೆಸಿದವಳು ನಾನು, ಹಾರ ಹಾಕಿಸಿಕೊಂಡವರು ಅವರು. ಈಗ, "ವರ್ಷ ಆಯ್ತಲ್ಲಮ್ಮ, ಎಷ್ಟು ಜನ ಬಿಟ್ಟಿದಾರೆ ಎಷ್ಟು ಜನ ಮತ್ತೆ ಶುರು ಮಾಡಿದಾರೆ ಅಂತ ಗೊತ್ತಾಗದೆ ಥೀಸಿಸ್ ಎಲ್ಲಿಂದ ಬರುತ್ತೆ?" ಎಂದು ನನ್ನನ್ನೇ ಕೇಳುತ್ತಾರೆ. ಜೀಪು ಕೇಳಿದೆ. ಕಿಟಕಿಯ ಹೊರಗೆ ನೋಡಿದರು.

ನಲವತ್ತು ಹಳ್ಳಿ ಸುತ್ತಲು ನನಗೇನು ಹುಚ್ಚೇ? ಹೋದರೂ ಸಿಗುವುದೇನು? ನಾಯಿ ಬಾಲಕ್ಕೆ ಹದಿನೈದು ದಿನ ಕೊಳವೆ ಕಟ್ಟಿದ್ದೆವು, ಈಗ ತೆಗೆದು ನೋಡಬೇಕಂತೆ. ಡೊಂಕೇ ಇರುತ್ತದೆ. ಎಲ್ಲರಿಗೂ ಕಾರ್ಡು ಹಾಕುತ್ತೇನೆ, ಉತ್ತರದ ಅರ್ಧ ಜೊತೆಗೇ ಅಂಟಿಕೊಂಡಿರುವ ಜೋಡಿ ಕಾರ್ಡು. ಅವರು ಹರಿದು ಡಬ್ಬಿಗೆ ಹಾಕಿದರೆ ಸಾಕು.

ಬುಧವಾರ, 12 ನವೆಂಬರ್

ಪ್ರಶ್ನೆಗಳು ಅಚ್ಚಾದವು. ಮೇಲೆ ದಪ್ಪಕ್ಷರದಲ್ಲಿ 'ಮದ್ಯವ್ಯಸನಿಗಳ ಮರುಪರಿಶೀಲನೆ'. ಕೆಳಗೆ ನಾಲ್ಕೇ ಪ್ರಶ್ನೆ: ಶಿಬಿರದ ನಂತರ ಮತ್ತೆ ಕುಡಿದಿರಾ? ಕಳೆದ ತಿಂಗಳು ಎಷ್ಟು ದಿನ ಕುಡಿದಿರಿ? ಕುಡಿದು ಹೆಂಡತಿ ಮಕ್ಕಳಿಗೆ ಹೊಡೆದಿರಾ? ಕುಡಿದು ಬೀದಿಯಲ್ಲಿ ಬಿದ್ದಿರಾ?

ಪ್ರೆಸ್ಸಿನ ಸಿದ್ದಯ್ಯ ಅಚ್ಚಿನ ಮೊಳೆ ಜೋಡಿಸುವವನು. ಅವನಿಗೂ ಈ ವಿಷಯದಲ್ಲಿ ಅಭಿಪ್ರಾಯವಿದೆ. "ಮೇಡಂ, ಇದನ್ನ ಕವರಲ್ಲಿ ಹಾಕಿದ್ರೆ ಚೆನ್ನಾಗಿರ್ತಿತ್ತೇನೋ. ಪೋಸ್ಟ್‌ಮ್ಯಾನು ಓದ್ತಾನಲ್ಲ" ಎಂದ. ಓದಲಿ. ಇವರು ಚರಂಡಿಯಲ್ಲಿ ಬಿದ್ದಿದ್ದಾಗ ಊರೇ ನೋಡಿಲ್ಲವೇ? ಬೀದಿಯಲ್ಲಿ ಪಂಚೆ ಬಿಚ್ಚಿಕೊಂಡು ಮಲಗಿದವನಿಗೆ ಕವರಿನ ಮರ್ಯಾದೆ ಬೇರೆ. ಕವರು ಹಾಕಿದರೆ ಕೋರ್ಟಿನ ಕಾಗದವೆಂದು ಹೆದರಿ ಒಲೆಗೆ ಹಾಕುವ ಜನ ಇವರು. ಇದನ್ನೇ ಷಡಕ್ಷರಿಯವರಿಗೆ ಹೇಳಿದೆ, "ಒಳ್ಳೇ ಮೆಥಡ್" ಎಂದರು. ನಾಳೆ ಅದು ಅವರದೇ ಮೆಥಡ್ ಆಗುತ್ತದೆ.

ವಿಳಾಸ ಬರೆಯುವಾಗ ಒಂದು ತಮಾಷೆ ಕಂಡಿತು. ನಲವತ್ತು ಜನರಿಗೂ 'ಊರು ಬಿಟ್ಟರೆ ತಿಳಿಸಿ' ಎಂದು ಹೇಳಿ ಕಳಿಸಿದ್ದೆ. ತಿಳಿಸಿದವನು ಒಬ್ಬನೇ, ಹದಿನೇಳನೆಯವನು. ಯಲ್ಲಯ್ಯನಂತೆ. ಗುಬ್ಬಿಯ ಮಂಡಿಯಲ್ಲಿ ತೆಂಗಿನಕಾಯಿ ಸುಲಿಯುತ್ತಿದ್ದ. ಅಲ್ಲಿದ್ದರೆ ಜೊತೆಯವರು ಹೆಂಡದಂಗಡಿಗೆ ಎಳೆಯುತ್ತಾರೆಂದು ಸಂಸಾರ ಸಮೇತ ಕುಣಿಗಲ್ ಕಡೆ ಹೋಗಿ, ಮೂಡಲಗಿರಿಯಪ್ಪ ಎಂಬವರ ತೋಟದಲ್ಲಿ ಕೆಲಸಕ್ಕೆ ಸೇರಿದ್ದಾನೆ. ಯಾರ ಕೈಯಲ್ಲೋ ಬರೆಸಿ ಕಳಿಸಿದ್ದಾನೆ, ಹಾಜರಿ ಹೇಳುವ ಶಾಲೆ ಹುಡುಗನ ಹಾಗೆ. ಇಂಥವರೇ ಮೊದಲು ಜಾರುವುದು.

ಶನಿವಾರ, 29 ನವೆಂಬರ್

ಹತ್ತೊಂಬತ್ತು ಉತ್ತರ ಬಂದಿವೆ. ಮನುಷ್ಯಜಾತಿಯ ಮೇಲೆ ಇದ್ದಬದ್ದ ನಂಬಿಕೆಯೂ ಹೋಯಿತು.

ಒಂಬತ್ತನೆಯವನು ಮೂರನೆಯ ಪ್ರಶ್ನೆಗೆ 'ನಾನು ಹೊಡೆದಿಲ್ಲ, ಅವಳೇ ಹೊಡೆದಳು' ಎಂದಿದ್ದಾನೆ. ಇಪ್ಪತ್ತೆರಡನೆಯವನಿಗೆ ಛತ್ರದಲ್ಲಿ ಬಿಟ್ಟುಹೋದ ಟವೆಲ್ಲು ಬೇಕಂತೆ. ಒಬ್ಬ ಎರಡನೆಯ ಪ್ರಶ್ನೆಗೆ 'ಮೂವತ್ತೊಂದು ದಿನ' ಎಂದು ಬರೆದಿದ್ದಾನೆ. ಅಕ್ಟೋಬರಿಗೆ ಮೂವತ್ತೊಂದು ದಿನವೆಂಬುದಾದರೂ ನೆನಪಿದೆಯಲ್ಲ, ಸಂತೋಷ.

ಹದಿನೇಳನೆಯವನದು ಬೇರೆ ಥರ. ನಾಲ್ಕು ಪ್ರಶ್ನೆಗೂ ಉತ್ತರವಿಲ್ಲ. ದುಂಡಗಿನ ಅಕ್ಷರದಲ್ಲಿ ಎರಡೇ ಸಾಲು: 'ಕುಡಿದಿಲ್ಲ. ದಯಮಾಡಿ ಇನ್ನು ಕಾರ್ಡು ಹಾಕಬೇಡಿ.' ಕುಡಿಯದವನಿಗೆ ಕಾರ್ಡಿನ ಭಯವೇಕೆ? ನಿಯಮದ ಪ್ರಕಾರ ಉತ್ತರ ಕೊಡದವರಿಗೂ ಅಪೂರ್ಣ ಉತ್ತರ ಕೊಟ್ಟವರಿಗೂ ಜ್ಞಾಪನೆಯ ಕಾರ್ಡು ಹೋಗಬೇಕು. ಇವನಿಗೂ ಹೋಗುತ್ತದೆ.

ಶುಕ್ರವಾರ, 5 ಡಿಸೆಂಬರ್

ಜ್ಞಾಪನೆ ಹಾಕಿದೆ, ಇಪ್ಪತ್ತೆರಡು. ಇವಕ್ಕೆ ಮೇಲೆ ಕೆಂಪು ಮಸಿಯಲ್ಲಿ 'ಎರಡನೆಯ ಸಲ' ಎಂದು ಸೀಲು ಒತ್ತಿಸಿದೆ. ಅಂಚೆಕಚೇರಿಯ ಗುಮಾಸ್ತ ಮೇಲಿನ ಕಾರ್ಡನ್ನು ಪೂರ್ತಿ ಓದಿ, ನಕ್ಕು, ಪಕ್ಕದವನಿಗೂ ತೋರಿಸಿದ. ಕೆಲಸವಿಲ್ಲದವರು.

ಭಾನುವಾರ, 14 ಡಿಸೆಂಬರ್

ಇವತ್ತಾದರೂ ನೆಮ್ಮದಿಯಾಗಿ ಇರೋಣವೆಂದರೆ, ಹದಿನೇಳನೆಯವನ ಹೆಂಡತಿ ಮನೆಗೇ ಬಂದಳು. ಚಿಕ್ಕಮಾರಮ್ಮನಂತೆ. ಕಾರ್ಡಿನಲ್ಲಿದ್ದ ನನ್ನ ವಿಳಾಸವನ್ನು ಸಿಕ್ಕಸಿಕ್ಕವರಿಗೆ ತೋರಿಸುತ್ತ ಬಟವಾಡಿಗೆ ಬಂದಿದ್ದಾಳೆ. ಒಳಗೆ ಕರೆದರೆ ಬರಲಿಲ್ಲ. ಹೊಸಿಲಾಚೆಯೇ ಕೂತು, ಸೊಂಟದಿಂದ ಕಾರ್ಡು ತೆಗೆದು ನೆಲದ ಮೇಲೆ ಇಟ್ಟಳು. ನನ್ನ ಕೆಂಪು ಸೀಲು ಮೇಲಕ್ಕೆ ಕಾಣುತ್ತಿತ್ತು.

"ನಮ್ಮ ಹೊಂಬಾಳಂಗೆ ಬುಧವಾರ ವೀಳ್ಯದ ಶಾಸ್ತ್ರ ಇತ್ತು ಕಣವ್ವ. ಧನುರ್ಮಾಸ ಬರೋಕ್ ಮುಂಚೆ ಮುಗಿಸ್ಬುಡಾನ ಅಂತ. ಗಂಡು ಮೂಡಲಗಿರಿಯಪ್ಪಾರ ಎರಡ್ನೇ ಮಗ. ಹುಡ್ಗಿ ಕೆಲಸ ಬೊಗಸೆ ನೋಡಿ ಅವ್ರೇ ಬಾಯಿಬಿಟ್ಟು ಕೇಳಿದ್ರು."

ಆ ಮನೆಯವರು ತಿರುಪತಿ ದಾಸರ ಪೈಕಿ, ಶಂಖ ಜಾಗಟೆ ಇಟ್ಟು ಪೂಜಿಸುವವರು. ಹೆಂಡ ಮುಟ್ಟಿದವರ ಮನೆಯಲ್ಲಿ ನೀರೂ ಕುಡಿಯುವುದಿಲ್ಲವಂತೆ. ಅವರದೇ ಹಜಾರದ ತುಂಬ ಜನ ಕೂತಿದ್ದಾರೆ. ಎಲೆ ಅಡಿಕೆ ತಟ್ಟೆ ಇನ್ನೂ ಕೈ ಬದಲಾಗಿಲ್ಲ. ಆಗ ಅಂಚೆಯವನು ಬಂದಿದ್ದಾನೆ.

"ಮೂಡಲಗಿರಿಯಪ್ಪಾರು ಕನ್ನಡ್ಕ ಇಲ್ಲ, ನೀನೇ ಓದಪ್ಪ ಅಂದ್ರು. ಯಾರೋ ಶುಭದ ಕಾರ್ಡು ಹಾಕವ್ರೆ ಅಂದ್ಕೊಂಡು ಅವ್ನೂ ಜೋರಾಗೇ ಸುರು ಮಾಡ್ದ. ಕುಡಿದು ಬೀದೀಲಿ ಬಿದ್ದಿರಾ ಅನ್ನೋ ಗಂಟ ಓದ್ಬುಟ್ಟ ಕಣವ್ವ. ಒಬ್ಬೊಬ್ರೇ ಎದ್ರು."

ಮದುವೆ ಮುರಿಯಿತು. ತೋಟದ ಮನೆಯನ್ನೂ ಬಿಡಿಸಿದರು. ಈಗ ಕುಣಿಗಲ್ಲಿನ ಹೊರಗೆ ಎಲ್ಲೋ ಗುಡಿಸಲು ಹಾಕಿಕೊಂಡಿದ್ದಾರೆ. "ಮೊದಲ್ನೇ ಕಾರ್ಡಿಗೇ ನನ್ ಮಗ್ಳು ಬರ್ದಿದ್ಲಲ್ಲವ್ವ, ಹಾಕ್‌ಬೇಡಿ ಅಂತ. ಓದ್ಲಿಲ್ವಾ ನೀವು?" ಎಂದಳು.

ನನಗೆ ರೇಗಿತು. ಸತ್ಯ ಮುಚ್ಚಿಟ್ಟು ಹೆಣ್ಣು ಕೊಡಲು ಹೊರಟವರು ಅವರು, ತಪ್ಪು ನನ್ನದೇ? ಹಾಗೆಯೇ ಹೇಳಿದೆ. ಅವಳು ಅಳಲಿಲ್ಲ, ಜಗಳವನ್ನೂ ಆಡಲಿಲ್ಲ. "ನನ್ ಗಂಡ ನಾಲ್ಕು ದಿನದಿಂದ ಬಾಯೇ ಬುಟ್ಟಿಲ್ಲ. ನೀವೊಂದ್ ಸಲ ಬಂದು, ಇವ್ನು ಕುಡಿಯೋದ್ ಬುಟ್ಟವ್ನೆ ಅಂತ ಮೂಡಲಗಿರಿಯಪ್ಪಾರ್ಗೆ ಹೇಳಿ. ನೀವು ಓದ್ದೋರು, ನಿಮ್ ಮಾತು ನಡೀತದೆ" ಎಂದಳು. ನೋಡೋಣ ಎಂದೆ. ಕಾರ್ಡನ್ನು ನೆಲದಿಂದ ಎತ್ತಿ, ಒರೆಸಿ, ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದಳು. ಅಮ್ಮ ಕೊಟ್ಟ ಕಾಫಿ ಹೊಸಿಲ ಮೇಲೆ ಹಾಗೇ ಇತ್ತು.

"ನಿನ್ನ ಕಾರ್ಡು ಬೀದಿಯೋರು ಓದಿದ ದಿನ ನೀನು ಊಟ ಬಿಟ್ಟಿದ್ದೆ ಕಣೇ" ಎಂದಳು ಅಮ್ಮ. ಎಲ್ಲಿಂದೆಲ್ಲಿಗೆ ಹೋಲಿಕೆ! ನಾನೆಲ್ಲಿ, ಆ ಜನವೆಲ್ಲಿ. ಅಮ್ಮನಿಗೆ ವಯಸ್ಸಾಯಿತು.

ಶನಿವಾರ, 27 ಡಿಸೆಂಬರ್

ಕುಣಿಗಲ್ಲಿಗೆ ಹೋಗಿ ಬಂದೆ. ಯಾರ ಪರವಾಗಿಯೂ ಸಾಕ್ಷಿ ಹೇಳಲಿಕ್ಕೆ ಅಲ್ಲ, ಹದಿನೇಳನೆಯವನ ಸ್ಥಿತಿ ಖುದ್ದಾಗಿ ತಿಳಿಯಲು. ಮದುವೆ ಮುರಿದ ಮೇಲೆ ಕುಡಿಯದೆ ಇರುತ್ತಾನೆಯೇ? ಅವರಿಗೆ ಮಳೆ ಬಂದರೂ ನೆಪ, ಬಿಸಿಲು ಬಂದರೂ ನೆಪ.

ಬಸ್ಸು ಹೆಬ್ಬೂರಿನಲ್ಲಿ ಅರ್ಧ ಗಂಟೆ ನಿಂತಿತು. ಡ್ರೈವರಿಗೆ ಯಾರದೋ ಮನೆಯ ಇಡ್ಲಿ ತಿನ್ನಬೇಕಿತ್ತು. ಕುಣಿಗಲ್ ಬಸ್‌ಸ್ಟ್ಯಾಂಡಿನ ಎದುರು ಟೀ ಅಂಗಡಿಯ ರಂಗಣ್ಣನನ್ನು ಕೇಳಿದೆ.

"ಯಲ್ಲಯ್ಯನಾ? ಭಾರೀ ಕುಡುಕನಂತೆ ಕಣಮ್ಮ. ನೋಡಿದ್ರೆ ಹಂಗೆ ಕಾಣಾಕಿಲ್ಲ. ಹೆಂಡ್ತಿಗೆ ಹೊಡೀತಾನಂತೆ, ಬೀದೀಲಿ ಬೀಳ್ತಾನಂತೆ."

"ಯಾರು ಹೇಳಿದ್ದು?"

"ಪೋಸ್ಟ್‌ಮ್ಯಾನೇ ಹೇಳ್ದ. ಊರಿಗೆಲ್ಲಾ ಗೊತ್ತದೆ."

ಅಷ್ಟು ಸಾಕಾಯಿತು. ಒಬ್ಬ ಸ್ಥಳೀಯ ವ್ಯಾಪಾರಿ, ಇನ್ನೊಬ್ಬ ದಿನಾ ಮನೆಮನೆ ತಿರುಗುವ ಸರ್ಕಾರಿ ನೌಕರ, ಇಬ್ಬರ ಹೇಳಿಕೆಯೂ ಒಂದೇ. ಗುಡಿಸಲು ಇನ್ನೂ ಎರಡು ಮೈಲಿ ದೂರವಂತೆ, ನಡೆದೇ ಹೋಗಬೇಕಂತೆ. ತುಮಕೂರಿನ ಬಸ್ಸು ಹೊರಡುವುದರಲ್ಲಿತ್ತು. ಹತ್ತಿ ಕೂತೆ.

ಬಸ್ಸು ತಿರುಗುವಾಗ ಹುಲ್ಲಿನ ಹೊರೆ ಹೊತ್ತ ಒಬ್ಬ ರಸ್ತೆ ದಾಟಿದ. ಅವನೇ ಇರಬಹುದು ಎನ್ನಿಸಿತು. ನಡಿಗೆ ನೆಟ್ಟಗಿತ್ತು. ತಲೆ ಮೇಲೆ ಹೊರೆ ಇದ್ದರೆ ಎಂಥವನ ನಡಿಗೆಯೂ ನೆಟ್ಟಗಿರುತ್ತದೆ.

ಶುಕ್ರವಾರ, 9 ಜನವರಿ 1981

ಪಟ್ಟಿ ಮುಗಿಸಿದೆ. ಹದಿನೇಳು: ರಿಲ್ಯಾಪ್ಸ್. ಮರಳಿ ಕುಡಿತ. ಕಾರಣ: ಕೌಟುಂಬಿಕ ಆಘಾತ.

ಯಾಕೋ ಸಂಜೆಯಿಂದ ತಲೆನೋವು.

ಗುರುವಾರ, 22 ಜುಲೈ 1982

ಡಾಕ್ಟರೇಟ್ ಬಂತು. ಡಾ. ಶಾರದ. ಬರೆದು ನೋಡಿದೆ, ಪರವಾಗಿಲ್ಲ.

ಮೌಖಿಕ ಪರೀಕ್ಷೆಗೆ ಬಂದಿದ್ದ ಬೆಂಗಳೂರಿನವರು ಇಡೀ ಪ್ರಬಂಧದಲ್ಲಿ ಹಿಡಿದು ಹೊಗಳಿದ್ದು ಹದಿನೇಳನೆಯವನ ಪ್ರಕರಣವನ್ನು. 'ವರ್ಷವಿಡೀ ಬಿಟ್ಟವನೂ ಒಂದೇ ಪೆಟ್ಟಿಗೆ ಹೇಗೆ ಕುಸಿಯುತ್ತಾನೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನವಿಲ್ಲ' ಎಂದರು. ಅದನ್ನೊಂದೇ ಬಿಡಿಸಿ ಬರೆದು ಸಂಶೋಧನಾ ಪತ್ರಿಕೆಗೆ ಕಳಿಸಬೇಕಂತೆ. ಷಡಕ್ಷರಿಯವರು ತಮ್ಮ ಹೆಸರನ್ನು ಮೊದಲು ಹಾಕಬೇಕೆಂದು ಬಾಯಿಬಿಟ್ಟೇ ಹೇಳಿದರು. ನಾಚಿಕೆ ಎಂಬುದು ಪ್ರೊಫೆಸರಾಗುವ ಹೊತ್ತಿಗೆ ಉದುರಿಹೋಗುತ್ತದೆಂದು ಕಾಣುತ್ತದೆ.

ಅಮ್ಮ ಪಾಯಸ ಮಾಡಿದ್ದಳು. "ಆ ಹೆಂಗಸು ಆಮೇಲೆ ಏನಾದ್ಲೇ?" ಎಂದು ಕೇಳಿದಳು. ಯಾವ ಹೆಂಗಸು ಎಂದೆ. ಗೊತ್ತಿದ್ದೂ ಕೇಳಿದೆ.

ಬುಧವಾರ, 17 ಸೆಪ್ಟೆಂಬರ್ 1986

ಈ ಪುಸ್ತಕದಲ್ಲಿ ಬರೆದು ನಾಲ್ಕು ವರ್ಷವಾಯಿತು. ಇವತ್ತು ಬರೆಯದೆ ಇರಲು ಆಗುತ್ತಿಲ್ಲ.

ಅಂಗನವಾಡಿ ಕಾರ್ಯಕರ್ತೆಯರ ತರಬೇತಿಯಲ್ಲಿ 'ಕುಡಿತ ಮತ್ತು ಕುಟುಂಬ' ಕುರಿತು ನನ್ನ ಉಪನ್ಯಾಸ. ಅರವತ್ತು ಜನ ಹೆಂಗಸರು. ಅರ್ಧದಷ್ಟು ಜನ ಭತ್ಯೆಗೆ ಬಂದವರು, ಉಳಿದರ್ಧ ಊಟಕ್ಕೆ. ಮುಂದಿನ ಸಾಲಿನಲ್ಲೇ ಇಬ್ಬರು ತೂಕಡಿಸುತ್ತಿದ್ದರು. ಎಬ್ಬಿಸಲು ನನ್ನ ಹತ್ತಿರ ಒಂದು ಮದ್ದಿದೆ, ಹದಿನೇಳನೆಯವನ ಕಥೆ. ಆರು ವರ್ಷದಿಂದ ಹೇಳುತ್ತಿದ್ದೇನೆ, ಎಂದೂ ಸೋತಿಲ್ಲ. ಗುಬ್ಬಿ, ತೆಂಗಿನಕಾಯಿ ಮಂಡಿ, ಶಿಬಿರ, ಕುಣಿಗಲ್ಲು, ಮಗಳ ಮದುವೆ ಮುರಿದದ್ದು, ಮತ್ತೆ ಕುಡಿತ. ಕೊನೆಗೆ, "ನೆಪ ಸಿಕ್ಕಿದರೆ ಕುಡುಕ ಬಿಡುವುದಿಲ್ಲ, ನೆನಪಿಡಿ" ಎಂದು ಮುಗಿಸಿದೆ.

ಮೂರನೆಯ ಸಾಲಿನಲ್ಲಿ ಒಬ್ಬಳು ಎದ್ದು ನಿಂತಳು. ನೀಲಿ ಸೀರೆ, ಇಪ್ಪತ್ತೈದರ ಸುಮಾರು.

"ಮದ್ವೆ ಯಾಕೆ ಮುರೀತು ಅಂತ ಹೇಳ್ಲೇ ಇಲ್ವಲ್ಲ ಮೇಡಂ?"

ಅದು ಇಲ್ಲಿ ಮುಖ್ಯವಲ್ಲ ಎಂದೆ.

"ನಮಗೆ ಅದೇ ಮುಖ್ಯ ಮೇಡಂ. ಆ ಮದ್ವೆ ನಂದು. ಕಾರ್ಡು ಹಾಕ್‌ಬೇಡಿ ಅಂತ ಬರ್ದೋಳೂ ನಾನೇ. ನಮ್ಮಪ್ಪ ಕುಡೀಲಿಲ್ಲ. ಅವತ್ತೂ ಕುಡೀಲಿಲ್ಲ, ಇವತ್ತಿನ ಗಂಟಾನೂ ಕುಡಿದಿಲ್ಲ. ನೀವು ಯಾರನ್ನ ನೋಡಿ ಬರ್ದ್ರಿ?"

ತೂಕಡಿಸುತ್ತಿದ್ದವರಿಬ್ಬರೂ ಎಚ್ಚರಾಗಿದ್ದರು. ಕ್ಷೇತ್ರ ಪರಿಶೀಲನೆ ಮಾಡಿದ್ದೇನೆ, ಇಬ್ಬರ ಹೇಳಿಕೆ ಪಡೆದಿದ್ದೇನೆ ಎಂದು ಬಾಯಿಗೆ ಬಂತು. ಯಾರಿಬ್ಬರು? ಟೀ ಅಂಗಡಿಯ ರಂಗಣ್ಣ. ರಂಗಣ್ಣನಿಗೆ ಹೇಳಿದವನು ಅಂಚೆಯವನು. ಅಂಚೆಯವನಿಗೆ ಹೇಳಿದವಳು? ಹೆಂಡತಿಗೆ ಹೊಡೀತಾನಂತೆ, ಬೀದೀಲಿ ಬೀಳ್ತಾನಂತೆ. ಮೂರನೆಯ ಪ್ರಶ್ನೆ, ನಾಲ್ಕನೆಯ ಪ್ರಶ್ನೆ. ಸಿದ್ದಯ್ಯನ ಪ್ರೆಸ್ಸಿನಲ್ಲಿ ನಾನೇ ಅಚ್ಚು ಹಾಕಿಸಿದ್ದು. ನಾನು ಕೂಗಿದ್ದನ್ನು ನಾನೇ ಬಸ್ಸಿನಲ್ಲಿ ಹೋಗಿ ಕೇಳಿಸಿಕೊಂಡು ಬಂದು ಡಾಕ್ಟರೇಟ್ ಪಡೆದಿದ್ದೇನೆ. ಇಂಥ ದಡ್ಡತನವನ್ನು ಒಬ್ಬ ವಿದ್ಯಾರ್ಥಿಯಲ್ಲಿ ಕಂಡಿದ್ದರೆ ತರಗತಿಯಿಂದ ಆಚೆ ಹಾಕುತ್ತಿದ್ದೆ.

ಊಟದ ಬಿಡುವಿನಲ್ಲಿ ಅವಳನ್ನು ಹುಡುಕಿಕೊಂಡು ಹೋದೆ. ಹೊಂಗೆಮರದ ಕೆಳಗೆ ಯಾರದೋ ಜೊತೆ ಕೂತಿದ್ದಳು. ಆತ ನನ್ನನ್ನು ಕಂಡು ಟವೆಲ್ಲು ಕೈಗೆ ತೆಗೆದುಕೊಂಡು ಎದ್ದು ನಿಂತರು. ಗುರುತು ಹತ್ತಲು ನನಗೇ ಹೊತ್ತು ಬೇಕಾಯಿತು. ಮಗಳು ತಂಗಲು ಬೇಕಾದ ಹಾಸಿಗೆ ಸುತ್ತಿಕೊಂಡು ಬಂದಿದ್ದರಂತೆ.

"ಚೆನ್ನಾಗಿದೀರಾ ಅಮ್ಮಾವ್ರೆ? ನಿಮ್ ಮಾತ್ರೆಯಿಂದ್ಲೇ ನಾನು ಮನುಷ್ಯ ಆಗಿದ್ದು" ಎಂದರು.

ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ಕಾರ್ಡಿನ ದಿನದ ಮಾತು ನಾನೇ ತೆಗೆದೆ.

"ಅವತ್ತು ಹೆಂಡದಂಗಡಿ ಬಾಗ್ಲ ಗಂಟ ಹೋಗಿದ್ದೆ ಅಮ್ಮಾವ್ರೆ, ಸುಳ್ ಯಾಕೆ ಹೇಳ್ಲಿ. ಕುಡಿಯೋಕೆ ಅದಕ್ಕಿಂತ ಒಳ್ಳೆ ನೆಪ ಸಿಕ್ತದಾ? ಬಾಗ್ಲಲ್ಲಿ ನಿಂತ್ಕೊಂಡು ಯೋಚ್ನೆ ಮಾಡ್ದೆ. ಇವತ್ತು ಕುಡಿದ್ರೆ ಆ ಕಾರ್ಡು ನಿಜ ಆಗ್ಬುಡ್ತದೆ. ವಾಪಸ್ ಬಂದ್ಬುಟ್ಟೆ." ಆಮೇಲೆ ಸ್ವಲ್ಪ ನಾಚಿಕೊಂಡು, "ನೀವು ದೊಡ್ಡ ಪುಸ್ತಕ ಬರ್ದಿದೀರಂತೆ, ಕಾಲೇಜ್ ಲೈಬ್ರರೀಲಿ ಐತಂತೆ. ನಮ್ಮದೂ ಅದ್ರಾಗೆ ಬರ್ದಿದೀರಾ?" ಎಂದು ಕೇಳಿದರು.

"ಬರೆದಿದ್ದೇನೆ, ಬಿಟ್ಟಿದ್ದಾರೆ ಅಂತಲೇ ಬರೆದಿದ್ದೇನೆ" ಎಂದೆ.

ಅವರ ಮುಖ ಅರಳಿತು. "ನೋಡ್ದೇನವ್ವ ಹೊಂಬಾಳ? ಒಂದಿನ ನನ್ನ ಕರ್ಕೊಂಡ್ ಹೋಗಿ ಓದಿ ಹೇಳು." ಮಗಳು ಬುತ್ತಿಯ ಗಂಟು ಬಿಚ್ಚುತ್ತಿದ್ದಳು. ನನ್ನ ಮುಖ ನೋಡಿದಳು. "ಆಗ್ಲಿ ಕಣಪ್ಪ, ಓದಾನ" ಎಂದಳು, ಅಷ್ಟೆ.

ಮಧ್ಯಾಹ್ನದ ತರಗತಿಗೆ ನಾನು ಹೋಗಲಿಲ್ಲ. ಮೈ ಸರಿಯಿಲ್ಲವೆಂದು ಹೇಳಿ ಕಳಿಸಿದೆ. ಇವತ್ತಿನ ಎರಡನೆಯ ಸುಳ್ಳು.

ಶನಿವಾರ, 20 ಸೆಪ್ಟೆಂಬರ್

ತರಬೇತಿ ಮುಗಿಯುವುದು ಸೋಮವಾರ. ಯಲ್ಲಯ್ಯನವರು ಮಗಳನ್ನು ಕರೆದೊಯ್ಯಲು ಬರುತ್ತಾರೆ. ಬಂದವರು ಲೈಬ್ರರಿಗೂ ಬರುತ್ತಾರೆ.

ಷಡಕ್ಷರಿಯವರನ್ನು ಕಂಡು ನಡೆದದ್ದು ಹೇಳಿದೆ, ಪತ್ರಿಕೆಯಲ್ಲಿ ಅಚ್ಚಾದ ಲೇಖನಕ್ಕೆ ತಿದ್ದುಪಡಿ ಕಳಿಸೋಣ ಎಂದೆ. "ಆರು ವರ್ಷದ ಮಾತು, ಈಗ ಯಾಕಮ್ಮ ಕೆದಕ್ತೀಯ? ನಲವತ್ತರಲ್ಲಿ ಒಂದು ತಾನೆ. ಮುಂದಿನ ತಿಂಗಳು ನಿನ್ನ ರೀಡರ್ ಹುದ್ದೆ ಇಂಟರ್‌ವ್ಯೂ ಬೇರೆ ಇದೆ" ಎಂದರು. ನಲವತ್ತರಲ್ಲಿ ಒಂದು. ಈ ಮಾತನ್ನು ನಾನೇ ಎಷ್ಟು ಸಲ ಆಡಿಲ್ಲ. ಪತ್ರಿಕೆಗೆ ನಾನೊಬ್ಬಳೇ ಬರೆದು ಹಾಕಿದೆ. ಕವರಿನಲ್ಲಲ್ಲ, ಕಾರ್ಡಿನಲ್ಲಿ.

ಆಮೇಲೆ ಲೈಬ್ರರಿಗೆ ಹೋದೆ. ಪ್ರಬಂಧದ ಪ್ರತಿಯ ಮೇಲೆ ಬೆರಳುದಪ್ಪ ಧೂಳು. ನೂರ ನಲವತ್ತಮೂರನೆಯ ಪುಟದಲ್ಲಿ ಹದಿನೇಳನೆಯ ಸಾಲು. 'ರಿಲ್ಯಾಪ್ಸ್' ಎಂಬುದನ್ನು ಪೆನ್ನಿನಿಂದ ಹೊಡೆದುಹಾಕಿ, ಆ ಇಂಗ್ಲಿಷಿನ ನಡುವೆ ದುಂಡಗೆ ಕನ್ನಡದಲ್ಲಿ ಬರೆದೆ: 'ಯಲ್ಲಯ್ಯನವರು. ಕುಡಿದಿಲ್ಲ.' ಹೊಂಬಾಳಮ್ಮ ಕಾರ್ಡಿನಲ್ಲಿ ಬರೆದಿದ್ದ ಮಾತೇ. ಅದಕ್ಕಿಂತ ಒಳ್ಳೆಯದು ನನಗೆ ಹೊಳೆಯಲಿಲ್ಲ.

ಹಿಂದೆ ಲೈಬ್ರರಿಯ ಕದರಯ್ಯ ನಿಂತಿದ್ದ. ಇವನಷ್ಟು ಮೊಂಡ ಮನುಷ್ಯ ತುಮಕೂರಿನಲ್ಲಿ ಇನ್ನೊಬ್ಬನಿಲ್ಲ. "ಪುಸ್ತಕದ ಮೇಲೆ ಬರೀಬಾರ್ದು ಮೇಡಂ" ಎಂದ. ಇದು ನನ್ನದೇ ಪುಸ್ತಕ ಎಂದೆ. "ಬರ್ದಿದ್ದು ನೀವಿರ್ಬೋದು. ಪುಸ್ತಕ ಲೈಬ್ರರೀದು" ಎಂದು ರಿಜಿಸ್ಟರು ತಂದು ಎದುರಿಗೆ ಇಟ್ಟ. ಪುಸ್ತಕ ಕೆಡಿಸಿದವರ ರಿಜಿಸ್ಟರಂತೆ. ಇಂಥದ್ದೊಂದು ಇದೆಯೆಂದೇ ನನಗೆ ಗೊತ್ತಿರಲಿಲ್ಲ. ಚಿತ್ರ ಕತ್ತರಿಸಿದವರು, ಹಾಳೆ ಹರಿದವರು, ಹುಡುಗಿಯ ಹೆಸರು ಬರೆದವರು, ಇಷ್ಟು ಜನರ ಕೆಳಗೆ ನನ್ನ ಹೆಸರು ಬರೆದೆ. ಕೊನೆಯಲ್ಲಿ 'ಕಾರಣ' ಎಂದು ಒಂದು ಕಾಲಂ ಇತ್ತು. ಇಡೀ ಜನ್ಮ ಬೇರೆಯವರಿಗೆ ಕಾಲಂ ತುಂಬಲು ಕೊಟ್ಟವಳು ನಾನು.

'ಹೋಗಿ ನೋಡದೆ ಸುಳ್ಳು ಬರೆದಿದ್ದೆ' ಎಂದು ಬರೆದೆ.

ಕದರಯ್ಯ ರಿಜಿಸ್ಟರನ್ನು ತನ್ನ ಕಡೆಗೆ ತಿರುಗಿಸಿಕೊಂಡು, ಕಣ್ಣಿನ ಹತ್ತಿರ ಹಿಡಿದು, ಒಂದೊಂದೇ ಮಾತಾಗಿ ಜೋರಾಗಿ ಓದತೊಡಗಿದ. ಮೇಜಿನ ಸುತ್ತ ಕೂತಿದ್ದ ಹುಡುಗರೆಲ್ಲ ತಲೆಯೆತ್ತಿದರು. ಮೆಲ್ಲಗೆ ಓದಯ್ಯ ಎನ್ನಲು ಬಾಯಿ ತೆರೆದೆ. ಆಮೇಲೆ ಸುಮ್ಮನೆ ನಿಂತು, ಅವನು ಕೊನೆಯವರೆಗೂ ಓದುವುದನ್ನು ಕೇಳಿಸಿಕೊಂಡೆ.